ನರ ಉದ್ದೀಪನ ಚಿಕಿತ್ಸೆ: ಬೆಲೆ ಕಟ್ಟುವ ಮುನ್ನ

ಹೃದಯದ ಕವಾಟ ಕೆಟ್ಟಿದೆಯೆಂದು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. ಮಂಡಿಯ ಕೀಲು ಬದಲಿಸಿಕೊಂಡವರು ಅದರ ವಿವರವನ್ನು ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತೂ ಹೇಳುತ್ತಾರೆ. ಆದರೆ ಮಲವನ್ನು ತಡೆದುಕೊಳ್ಳುವ ಶಕ್ತಿ ತಮಗೆ ಇಲ್ಲವಾಗಿದೆ ಎಂಬ ಮಾತನ್ನು ಸಂಗಾತಿಯ ಮುಂದೆ, ಮಕ್ಕಳ ಮುಂದೆ, ಕೊನೆಗೆ ವೈದ್ಯರ ಮುಂದೆಯೂ ಆಡಲಾರದೆ ವರ್ಷಗಟ್ಟಲೆ ನುಂಗಿಕೊಂಡವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರಿಗೆ ಇಂದು ಒಂದು ಪುಟ್ಟ ವಿದ್ಯುತ್ ಸಾಧನ ನೆರವಾಗಬಲ್ಲದು. ಬೆನ್ನಿನ ಕೆಳತುದಿಯ ನರಕ್ಕೆ ಸದಾಕಾಲ ಸಣ್ಣ ವಿದ್ಯುತ್ ಸ್ಪಂದನ ಕಳುಹಿಸುವ ಈ ಸಾಧನದ ಬೆಲೆ ಭಾರತದಲ್ಲಿ ಹಲವು ಲಕ್ಷ ರೂಪಾಯಿ. ಅಷ್ಟು ಹಣಕ್ಕೆ ದೊರೆಯುವುದೇನು, ಅದನ್ನು ಯಾರು ಕೊಡಬೇಕು, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬ ಪ್ರಶ್ನೆಗಳನ್ನು ಸಾರ್ವಜನಿಕವಾಗಿ ಚರ್ಚಿಸಲು ನಾವು ಇನ್ನೂ ಹಿಂಜರಿಯುತ್ತಿದ್ದೇವೆ.

ಸಮಸ್ಯೆಯ ಗಾತ್ರ ಸಣ್ಣದೇನಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆರೈಕೆ ಕೇಂದ್ರಗಳಲ್ಲಿರದೆ ತಮ್ಮ ಮನೆಗಳಲ್ಲೇ ಬದುಕುತ್ತಿರುವ ವಯಸ್ಕರ ಪೈಕಿ ಶೇ 8.3ರಷ್ಟು ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಈ ತೊಂದರೆಯಾಗಿತ್ತೆಂದು ಕಂಡುಕೊಂಡಿತು. ಇದನ್ನು ಮುಪ್ಪಿನ ಸಹಜ ಪಾಡೆಂದು ತಳ್ಳಿಹಾಕುವುದು ರೂಢಿ. ಕಾರಣಗಳ ಪಟ್ಟಿ ನೋಡಿದರೆ ಆ ರೂಢಿ ನಿಲ್ಲುವುದಿಲ್ಲ. ಹೆರಿಗೆಯ ವೇಳೆ ಗುದದ್ವಾರದ ಸ್ನಾಯು ಹರಿಯುವುದು, ಮೂಲವ್ಯಾಧಿ ಇಲ್ಲವೇ ಭಗಂದರದ ಶಸ್ತ್ರಚಿಕಿತ್ಸೆಯಲ್ಲಿ ಆ ಸ್ನಾಯುವಿಗೆ ಪೆಟ್ಟಾಗುವುದು, ದೀರ್ಘಕಾಲದ ಮಧುಮೇಹದಿಂದ ನರಗಳು ಸೊರಗುವುದು, ಬೆನ್ನುಹುರಿಯ ಗಾಯ ಇವೆಲ್ಲ ನಡುವಯಸ್ಸಿನವರನ್ನೂ ಕಾಡುವ ಕಾರಣಗಳೇ. ಲಂಡನ್ನಿನ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಬಾರಿಗೆ ಸಹಜ ಮಾರ್ಗದಲ್ಲಿ ಹೆತ್ತ 79 ಮಹಿಳೆಯರಲ್ಲಿ ಶೇ 35ರಷ್ಟು ಮಂದಿಗೆ ಈ ಸ್ನಾಯುವಿನಲ್ಲಿ ಬಿರುಕು ಇದ್ದುದು ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಕಂಡಿತು. ಶೇ 13ರಷ್ಟು ಮಂದಿಗೆ ಹತೋಟಿ ತಪ್ಪುವ ಅಥವಾ ಆತುರವನ್ನು ತಡೆಯಲಾಗದ ಲಕ್ಷಣಗಳಿದ್ದವು. ಹೊರನೋಟಕ್ಕೆ ಸುಗಮವಾಗಿ ಕಾಣುವ ಹೆರಿಗೆಯೂ ಒಳಗೆ ಗಾಯ ಬಿಟ್ಟು ಹೋಗಬಹುದೆಂಬುದನ್ನು ವೈದ್ಯಲೋಕಕ್ಕೆ ತೋರಿಸಿಕೊಟ್ಟ ಅಧ್ಯಯನವದು.

ಈ ಕಾಯಿಲೆಯ ವೆಚ್ಚ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಪೂರ್ತಿಯಾಗಿ ಕಾಣಿಸುವುದಿಲ್ಲ. ನನಗೆ ಪರಿಚಿತರಾದ ನಿವೃತ್ತ ಶಿಕ್ಷಕಿಯೊಬ್ಬರು ಹಲವು ವರ್ಷ ಬಸ್ಸು ಹತ್ತಲಿಲ್ಲ. ತವರಿನ ಮದುವೆ, ಗೃಹಪ್ರವೇಶಗಳಿಗೂ ಹೋಗಲಿಲ್ಲ. ನೆಂಟರು ಅವರಿಗೆ ಗರ್ವ ಬಂದಿದೆಯೆಂದು ತಿಳಿದರು. ಕೆಲಸ ಬಿಟ್ಟವರು, ಬಡ್ತಿಯೊಡನೆ ಬರುವ ವರ್ಗಾವಣೆಗೆ ಅಂಜಿ ಬಡ್ತಿಯನ್ನೇ ನಿರಾಕರಿಸಿದವರು, ಹೊರಗೆ ಹೋಗುವ ದಿನ ಉಪವಾಸವಿರುವವರು, ಹಾಸಿಗೆ ಒಗೆಯುವ ಸೊಸೆ ಅಥವಾ ಮಗಳ ಎದುರು ಪ್ರತಿದಿನ ತಲೆ ತಗ್ಗಿಸುವವರು ಹೀಗೆ ಲೆಕ್ಕಕ್ಕೆ ಬಾರದ ಖರ್ಚುಗಳ ಸಾಲೇ ಇದೆ. ಆದ್ದರಿಂದ ಚಿಕಿತ್ಸೆ ದುಬಾರಿಯೇ ಎಂದು ಕೇಳುವಾಗ, ಚಿಕಿತ್ಸೆಯಿಲ್ಲದಿರುವುದು ಎಷ್ಟು ದುಬಾರಿ ಎಂದೂ ಕೇಳಿಕೊಳ್ಳಬೇಕು.

ಇನ್ನು ಸಾಧನದ ವಿಚಾರ. ಬೆನ್ನುಮೂಳೆಯ ತುದಿಗೆ ಅಂಟಿಕೊಂಡಿರುವ ತ್ರಿಕಾಸ್ಥಿಯ ರಂಧ್ರಗಳಿಂದ ಹೊರಬರುವ ನರಗಳು ಮೂತ್ರಕೋಶ, ದೊಡ್ಡ ಕರುಳಿನ ಕೊನೆಯ ಭಾಗ ಮತ್ತು ಗುದದ ಸ್ನಾಯುಗಳ ಜೊತೆ ಸಂಪರ್ಕ ಹೊಂದಿವೆ. ಈ ನರಗಳನ್ನು ವಿದ್ಯುತ್ತಿನಿಂದ ಉದ್ದೀಪಿಸಿ ಮೂತ್ರದ ತೊಂದರೆಗಳನ್ನು ಸರಿಪಡಿಸುವ ಪ್ರಯೋಗ 1980ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಮಿಲ್ ತನಾಗೋ ಮತ್ತು ರಿಚರ್ಡ್ ಶ್ಮಿಟ್ ಅವರಿಂದ ನಡೆಯಿತು. ಜರ್ಮನಿಯ ಎರ್ಲಾಂಗನ್‌ನಲ್ಲಿ ಶಸ್ತ್ರವೈದ್ಯ ಕ್ಲಾಸ್ ಮಾಟ್ಸೆಲ್ ಅದನ್ನು ಮಲನಿಯಂತ್ರಣಕ್ಕೂ ಬಳಸಿ, ಮೂವರು ರೋಗಿಗಳ ಅನುಭವವನ್ನು 1995ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಈ ಉದ್ದೇಶಕ್ಕೆ ಅನುಮತಿ ನೀಡಿದ್ದು 2011ರಲ್ಲಿ.

ಚಿಕಿತ್ಸೆ ಎರಡು ಹಂತದ್ದು. ಮೊದಲ ಹಂತದಲ್ಲಿ ತ್ರಿಕಾಸ್ಥಿಯ ಮೂರನೆಯ ನರದ ಬಳಿಗೆ ಸಣ್ಣ ತಂತಿಯೊಂದನ್ನು ತೂರಿಸಿ, ದೇಹದ ಹೊರಗಿರುವ ಉದ್ದೀಪಕಕ್ಕೆ ಜೋಡಿಸುತ್ತಾರೆ. ಎರಡು ಮೂರು ವಾರ ರೋಗಿ ಮನೆಯಲ್ಲಿದ್ದು ಪ್ರತಿದಿನದ ಅನುಭವವನ್ನು ದಿನಚರಿಯಲ್ಲಿ ಬರೆದಿಡಬೇಕು. ಹತೋಟಿ ತಪ್ಪುವ ಸಂದರ್ಭಗಳು ಅರ್ಧಕ್ಕಾದರೂ ಇಳಿದರೆ ಮಾತ್ರ ಎರಡನೆಯ ಹಂತ. ಆಗ ಪೃಷ್ಠದ ಮೇಲ್ಭಾಗದಲ್ಲಿ ಚರ್ಮದಡಿಗೆ ಶಾಶ್ವತ ಉದ್ದೀಪಕವನ್ನು ಕೂರಿಸುತ್ತಾರೆ. ಹೃದಯದ ಪೇಸ್‌ಮೇಕರ್ ಬಲ್ಲವರಿಗೆ ಇದು ಅದರ ದಾಯಾದಿಯೆಂದು ತಿಳಿದೀತು. ಸ್ನಾಯುವನ್ನು ಹಿಂಡುವುದರಿಂದ ಇದು ಕೆಲಸ ಮಾಡುತ್ತದೆ ಎಂದು ಮೊದಲಿಗೆ ಭಾವಿಸಲಾಗಿತ್ತು. ಕರುಳಿನಿಂದ ಬೆನ್ನುಹುರಿಗೂ ಮೆದುಳಿಗೂ ಹೋಗುವ ಸಂವೇದನೆಯ ಸಂದೇಶಗಳನ್ನು ಇದು ತಿದ್ದುತ್ತದೆ ಎಂಬ ಅಭಿಪ್ರಾಯ ಈಗ ಬಲವಾಗಿದೆ. ಸ್ನಾಯು ಹರಿದಿರುವ ರೋಗಿಗಳಲ್ಲೂ ಹಲವರಿಗೆ ಗುಣ ಕಂಡಿರುವುದು ಈ ಅಭಿಪ್ರಾಯವನ್ನು ಬೆಂಬಲಿಸುತ್ತದೆ.

ದುಬಾರಿ ಶಸ್ತ್ರಚಿಕಿತ್ಸೆಗಳಲ್ಲಿ ಹೀಗೆ ‘ಮೊದಲು ಪರೀಕ್ಷಿಸಿ, ಆಮೇಲೆ ಕೊಳ್ಳಿ’ ಎನ್ನುವ ಅವಕಾಶ ಅಪರೂಪ. ಈ ಚಿಕಿತ್ಸೆಯ ದೊಡ್ಡ ಗುಣವೇ ಅದು ಎಂದು ನನ್ನ ಭಾವನೆ.

ಲಾಭದ ಅಂಕಿಗಳು ಉತ್ತೇಜಕವಾಗಿವೆ. ಮೆಲ್ಬರ್ನ್‌ನ ವೈದ್ಯರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೀವ್ರ ತೊಂದರೆಯಿದ್ದ 120 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನರ ಉದ್ದೀಪನವನ್ನೂ ಮತ್ತೊಂದಕ್ಕೆ ಔಷಧ, ಆಹಾರ, ವ್ಯಾಯಾಮಗಳ ಅತ್ಯುತ್ತಮ ಆರೈಕೆಯನ್ನೂ ನೀಡಲಾಯಿತು. ಉದ್ದೀಪನ ಗುಂಪಿನ 60 ಮಂದಿಯಲ್ಲಿ 54 ಮಂದಿ ಪರೀಕ್ಷಾ ಹಂತ ದಾಟಿ ಶಾಶ್ವತ ಸಾಧನ ಪಡೆದರು. ಅವರಲ್ಲಿ ವಾರಕ್ಕೆ ಸರಾಸರಿ 9.5 ಬಾರಿ ಆಗುತ್ತಿದ್ದ ತೊಂದರೆ 3.1ಕ್ಕೆ ಇಳಿಯಿತು. ಅಮೆರಿಕದ ಅನುಮತಿಗೆ ಆಧಾರವಾದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 133 ಮಂದಿ ಪರೀಕ್ಷೆಗೆ ಒಳಗಾಗಿ 120 ಮಂದಿ ಸಾಧನ ಪಡೆದರು. ಒಂದು ವರ್ಷದ ಬಳಿಕ ಶೇ 83ರಷ್ಟು ಮಂದಿಗೆ ತೊಂದರೆ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಶೇ 41ರಷ್ಟು ಮಂದಿಗೆ ಪೂರ್ಣ ಹತೋಟಿ ಮರಳಿತ್ತು. ವಾರಕ್ಕೆ ಒಂಬತ್ತು ಬಾರಿ ಅವಮಾನ ಅನುಭವಿಸುತ್ತಿದ್ದವರಿಗೆ ಅದು ಎರಡಕ್ಕೆ ಇಳಿಯುವುದೆಂದರೆ ಮನೆಯ ಹೊಸ್ತಿಲು ದಾಟುವ ಧೈರ್ಯ ಮರಳುವುದು ಎಂದೇ ಅರ್ಥ. ಇದನ್ನು ಲಘುವಾಗಿ ಕಾಣಲಾಗದು.

ಆದರೆ ಖಾತೆಯ ಇನ್ನೊಂದು ಪುಟವನ್ನೂ ತೆರೆಯಬೇಕು. ಅದೇ ಅಮೆರಿಕದ ಅಧ್ಯಯನದಲ್ಲಿ ಶೇ 10.8ರಷ್ಟು ಮಂದಿಗೆ ಸಾಧನ ಕೂರಿಸಿದ ಜಾಗದಲ್ಲಿ ಸೋಂಕು ತಗುಲಿತು. ಐದು ವರ್ಷಗಳ ಬಳಿಕದ ವರದಿ 2013ರಲ್ಲಿ ಬಂದಾಗ, 120 ಮಂದಿಯಲ್ಲಿ ಅಷ್ಟು ಕಾಲ ಅನುಸರಣೆಯಲ್ಲಿ ಉಳಿದಿದ್ದವರು 76 ಮಂದಿ. ಅವರಲ್ಲಿ ಬಹುಪಾಲು ಮಂದಿಗೆ ಗುಣ ಉಳಿದಿತ್ತು ನಿಜ. ಆದರೆ ಅವರ ಪೈಕಿ ಶೇ 35.5ರಷ್ಟು ಮಂದಿ ಸಾಧನದ ದುರಸ್ತಿ, ಬದಲಾವಣೆ ಇಲ್ಲವೇ ತೆಗೆಸುವಿಕೆಗಾಗಿ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಅಧ್ಯಯನದಿಂದ ಹೊರಗುಳಿದ ಉಳಿದವರ ಸುಖದುಃಖ ಆ ಸಂತಸದ ಶೇಕಡಾವಾರಿನಲ್ಲಿ ಸೇರಿಲ್ಲ. ಅಧ್ಯಯನದ ಪ್ರಾಯೋಜಕರು ಸಾಧನದ ತಯಾರಕರೇ ಆಗಿದ್ದರೆಂಬುದನ್ನೂ ಓದುಗರು ಗಮನದಲ್ಲಿಟ್ಟುಕೊಳ್ಳುವುದು ಲೇಸು. ಇದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ; ಅದನ್ನು ಓದುವ ಎಚ್ಚರ ಹೆಚ್ಚಬೇಕು ಅಷ್ಟೆ.

ಬ್ಯಾಟರಿಯ ಆಯುಷ್ಯ ಮತ್ತೊಂದು ಖರ್ಚು. ಹಳೆಯ ಮಾದರಿಗಳಲ್ಲಿ ಅದು ಕೆಲವೇ ವರ್ಷ ಬಾಳುತ್ತಿತ್ತು; ಮುಗಿದಾಗ ಇಡೀ ಉದ್ದೀಪಕವನ್ನೇ ಬದಲಿಸಬೇಕಿತ್ತು. 2019ರ ನಂತರ ಬಂದ, ಚರ್ಮದ ಹೊರಗಿನಿಂದಲೇ ಮರುಚಾರ್ಜ್ ಮಾಡಬಹುದಾದ ಮಾದರಿಗಳು ಹದಿನೈದು ವರ್ಷ ಬಾಳುತ್ತವೆಂದು ತಯಾರಕರು ಹೇಳುತ್ತಾರೆ. ಹಳೆಯ ಸಾಧನ ಹೊತ್ತವರಿಗೆ ತಲೆಯ ಹೊರತು ದೇಹದ ಬೇರೆ ಭಾಗದ ಎಂಆರ್‌ಐ ಪರೀಕ್ಷೆ ನಿಷಿದ್ಧವಾಗಿತ್ತು. ಹೊಸ ಮಾದರಿಗಳಲ್ಲಿ ನಿಗದಿತ ಷರತ್ತುಗಳೊಂದಿಗೆ ಪೂರ್ಣದೇಹದ ಎಂಆರ್‌ಐ ಸಾಧ್ಯ. ತಂತ್ರಜ್ಞಾನ ಸುಧಾರಿಸಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕೊಳ್ಳುವ ದಿನ ರೋಗಿಗೆ ಯಾವ ಮಾದರಿ, ಎಷ್ಟು ಆಯುಷ್ಯ, ಮುಂದಿನ ಖರ್ಚೆಷ್ಟು ಎಂಬುದನ್ನು ಬರಹದಲ್ಲಿ ಕೊಡದಿದ್ದರೆ ಆ ಸುಧಾರಣೆಯ ಫಲ ಅವರಿಗೆ ತಲುಪಿದಂತಾಗದು.

ಇನ್ನೊಂದು ಸೂಕ್ಷ್ಮ ಪ್ರಶ್ನೆಯಿದೆ. ಗುಣವಾದದ್ದು ವಿದ್ಯುತ್ತಿನಿಂದಲೋ, ನಂಬಿಕೆಯಿಂದಲೋ? ಫ್ರಾನ್ಸಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಧನ ಹೊಂದಿದ್ದ ರೋಗಿಗಳಿಗೇ ಗೊತ್ತಾಗದಂತೆ ಒಂದು ತಿಂಗಳು ಅದನ್ನು ಚಾಲೂ ಇಟ್ಟು, ಮತ್ತೊಂದು ತಿಂಗಳು ಆರಿಸಿಡಲಾಯಿತು. ಚಾಲೂ ಇದ್ದಾಗ ತೊಂದರೆ ಸುಮಾರು ಶೇ 90ರಷ್ಟು ಇಳಿದಿತ್ತು. ಆರಿಸಿದ್ದಾಗಲೂ ಮೊದಲಿಗಿಂತ ಸುಮಾರು ಶೇ 76ರಷ್ಟು ಕಡಿಮೆಯೇ ಇತ್ತು! ಉದ್ದೀಪನದ ಪರಿಣಾಮ ಕೆಲಕಾಲ ಉಳಿಯುವುದೂ ಇದಕ್ಕೆ ಕಾರಣವಿರಬಹುದು. ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸ ನಿಜವಾದದ್ದೇ. ಆದರೂ ವೈದ್ಯರು ಆಸಕ್ತಿಯಿಂದ ವಿಚಾರಿಸಿಕೊಳ್ಳುವುದು, ಆಹಾರ ಮತ್ತು ಅಭ್ಯಾಸಗಳನ್ನು ದಿನವೂ ಬರೆದಿಡುವುದು, ಗುಣವಾದೀತೆಂಬ ಭರವಸೆ ಇವುಗಳ ಪಾಲು ಎಷ್ಟೆಂಬ ಸಂಶಯವನ್ನು ಆ ಪ್ರಯೋಗ ಪೂರ್ತಿ ಅಳಿಸಲಿಲ್ಲ.

ಹಾಗಾದರೆ ಅಗ್ಗದ ದಾರಿಯಿಲ್ಲವೇ? ಕಾಲಿನ ಹರಡಿನ ಬಳಿ ಸೂಜಿ ಚುಚ್ಚಿ ಅಲ್ಲಿನ ನರವನ್ನು ವಾರಕ್ಕೊಮ್ಮೆ ಅರ್ಧ ಗಂಟೆಯಂತೆ ಹನ್ನೆರಡು ವಾರ ಉದ್ದೀಪಿಸುವ ವಿಧಾನವೊಂದು ಬಂತು. ಶಸ್ತ್ರಚಿಕಿತ್ಸೆ ಬೇಡ, ಖರ್ಚೂ ಕಡಿಮೆ. ಅನೇಕ ಆಸ್ಪತ್ರೆಗಳು ಅದನ್ನು ಉತ್ಸಾಹದಿಂದ ಅಪ್ಪಿಕೊಂಡವು. ಬ್ರಿಟನ್ನಿನಲ್ಲಿ 227 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಜವಾದ ಚಿಕಿತ್ಸೆ ಪಡೆದವರಲ್ಲಿ ಶೇ 38 ಮಂದಿಗೆ, ಹುಸಿ ಚಿಕಿತ್ಸೆ ಪಡೆದವರಲ್ಲಿ ಶೇ 31 ಮಂದಿಗೆ ತೊಂದರೆ ಅರ್ಧಕ್ಕಿಳಿಯಿತು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅದು ವ್ಯತ್ಯಾಸವೇ ಅಲ್ಲ. ಅಮೆರಿಕದಲ್ಲಿ 166 ಮಹಿಳೆಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೂ ಇದನ್ನೇ ಹೇಳಿತು. ಅಗ್ಗವಾದದ್ದೆಲ್ಲ ಬಡವರ ಪಾಲಿನ ಪರಿಹಾರವೆಂದು ಭಾವಿಸುವ ಆಡಳಿತಗಾರರಿಗೆ ಇದೊಂದು ಪಾಠ. ಕೆಲಸ ಮಾಡದ ಚಿಕಿತ್ಸೆ ಎಷ್ಟು ಅಗ್ಗವಾದರೂ ದುಬಾರಿಯೇ.

ವೆಚ್ಚ ಮತ್ತು ಲಾಭವನ್ನು ತಕ್ಕಡಿಯಲ್ಲಿಟ್ಟು ತೂಗುವ ಪದ್ಧತಿ ಬ್ರಿಟನ್ನಿನಲ್ಲಿದೆ. ‘ನೈಸ್’ ಎಂದು ಪರಿಚಿತವಾಗಿರುವ ಅಲ್ಲಿನ ಮೌಲ್ಯಮಾಪನ ಸಂಸ್ಥೆ 2004ರಲ್ಲೇ ಈ ಚಿಕಿತ್ಸೆಯ ಬಗ್ಗೆ ಮಾರ್ಗದರ್ಶನ ನೀಡಿತು. 2008ರಲ್ಲಿ ಅಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ, ಪೂರ್ಣ ಆರೋಗ್ಯದಲ್ಲಿ ಕಳೆದ ಒಂದು ವರ್ಷಕ್ಕೆ ಸಮನಾದ ಲಾಭ ಪಡೆಯಲು ಈ ಚಿಕಿತ್ಸೆಗೆ ಸುಮಾರು 25 ಸಾವಿರ ಪೌಂಡ್ ವೆಚ್ಚವಾಗುತ್ತದೆ. ಆಗ ಅಲ್ಲಿ ಒಪ್ಪಿಕೊಂಡಿದ್ದ ಮಿತಿ 20ರಿಂದ 30 ಸಾವಿರ ಪೌಂಡ್. ಅಂದರೆ ಸರ್ಕಾರ ಭರಿಸಬಹುದಾದ, ಆದರೆ ಕಣ್ಣುಮುಚ್ಚಿ ಭರಿಸಲಾಗದ ವೆಚ್ಚ. ನಮಗೆ ಆ ಅಂಕಿಗಿಂತ ಮುಖ್ಯವಾದದ್ದು ನೈಸ್ 2007ರಲ್ಲಿ ಹಾಕಿಕೊಟ್ಟ ಮೆಟ್ಟಿಲುಗಳು. ಮೊದಲು ಆಹಾರ ಮತ್ತು ಶೌಚದ ಅಭ್ಯಾಸ ತಿದ್ದುವುದು, ಭೇದಿ ಕಟ್ಟುವ ಮಾತ್ರೆ, ಬಳಿಕ ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ, ತಜ್ಞರ ಪರೀಕ್ಷೆ. ಇವುಗಳಿಂದ ಗುಣ ಕಾಣದವರಿಗೆ, ಸ್ನಾಯು ಹೊಲಿಯುವ ಶಸ್ತ್ರಚಿಕಿತ್ಸೆ ಸೂಕ್ತವಲ್ಲದಾಗ, ನರ ಉದ್ದೀಪನದ ಪರೀಕ್ಷೆ.

ಈ ಕೆಳಮೆಟ್ಟಿಲುಗಳು ತೋರಿಕೆಯವಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ಕ್ರಿಸ್ಟೀನ್ ನಾರ್ಟನ್ ಮತ್ತು ಸಂಗಡಿಗರು 171 ರೋಗಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉಪಕರಣ ಬಳಸಿ ಸ್ನಾಯು ತರಬೇತಿ ಪಡೆದವರಿಗೂ, ಅನುಭವಿ ದಾದಿಯರಿಂದ ಸಲಹೆಯನ್ನಷ್ಟೇ ಪಡೆದವರಿಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಸುಮಾರು ಅರ್ಧದಷ್ಟು ಮಂದಿ ಸುಧಾರಿಸಿದರು. ತಾಳ್ಮೆಯಿಂದ ಕೇಳಿ, ಇಸಬ್‌ಗೋಲ್ ಎಷ್ಟು, ಕಾಫಿ ಎಷ್ಟು, ಶೌಚಕ್ಕೆ ಯಾವ ಹೊತ್ತು ಎಂದು ತಿಳಿಹೇಳುವ ಒಬ್ಬ ದಾದಿಯ ಸಂಬಳ ಎಷ್ಟೆಂದು ಯೋಚಿಸಿದರೆ ನಮ್ಮ ಆದ್ಯತೆ ಎಲ್ಲಿರಬೇಕೆಂಬುದು ತಾನಾಗಿ ಹೊಳೆಯುತ್ತದೆ.

ನಮ್ಮಲ್ಲಿ ಆಗಿರುವುದು ಇದಕ್ಕೆ ವಿರುದ್ಧ. ಏಣಿಯ ತುದಿಯ ಮೆಟ್ಟಿಲು ಮಹಾನಗರದ ಖಾಸಗಿ ಆಸ್ಪತ್ರೆಗಳಲ್ಲಿ ಹಣವುಳ್ಳವರಿಗಾಗಿ ಹೊಳೆಯುತ್ತಿದೆ. ಕೆಳಗಿನ ಮೆಟ್ಟಿಲುಗಳು ಊರುಗಳಲ್ಲಿ ಕಾಣಸಿಗುವುದೇ ಅಪರೂಪ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಇಡೀ ಕುಟುಂಬದ ವರ್ಷದ ಪಾಲನ್ನು ಒಬ್ಬರ ಒಂದು ಸಾಧನವೇ ನುಂಗಬಹುದಾದ ಮೊತ್ತವದು. ಮಧ್ಯಮ ವರ್ಗ ಬಹುಮಟ್ಟಿಗೆ ತನ್ನ ಜೇಬನ್ನೇ ನಂಬಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೆಸರಿಸಿದ 21 ಸ್ಥಿತಿಗಳಲ್ಲಿ ಮಲಮೂತ್ರಗಳ ಹತೋಟಿ ತಪ್ಪುವುದು ಪ್ರತ್ಯೇಕವಾಗಿ ಸೇರಿಲ್ಲ. ವೈದ್ಯಕೀಯ ಡೈಪರ್‌ಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಲು 2025ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ರಕ್ತಹೀನತೆ, ಕ್ಷಯಗಳಿಗೇ ಹಣ ಸಾಲದ ನಾಡಿನಲ್ಲಿ ಇಂಥ ಯಂತ್ರಕ್ಕೆ ಸಾರ್ವಜನಿಕ ಹಣವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರವಿಷ್ಟೆ: ಕೆಳಮೆಟ್ಟಿಲುಗಳನ್ನು ಸರಿಯಾಗಿ ಕಟ್ಟಿದರೆ ಯಂತ್ರದವರೆಗೆ ಏರಬೇಕಾದವರ ಸಂಖ್ಯೆ ಕಡಿಮೆಯಾಗುತ್ತದೆ. ಉಳಿದ ಆ ಕೆಲವರಿಗೆ ಯಂತ್ರವನ್ನು ನಿರಾಕರಿಸುವುದು ಉಳಿತಾಯವಲ್ಲ. ಆ ಖರ್ಚನ್ನು ಸದ್ದಿಲ್ಲದೆ ಮನೆಯ ಹೆಂಗಸರ ಹೆಗಲಿಗೆ ದಾಟಿಸುವುದು. ಮಾರುಕಟ್ಟೆಯೇ ನೋಡಿಕೊಳ್ಳಲಿ ಎನ್ನುವವರಿಗೂ ಒಂದು ಮಾತು. ಬೇರೆ ಸರಕು ಕೆಟ್ಟರೆ ಗಿರಾಕಿ ಬೀದಿಗಿಳಿದು ಜಗಳವಾಡುತ್ತಾನೆ. ತನ್ನ ಕಾಯಿಲೆಯನ್ನೇ ಹೇಳಿಕೊಳ್ಳಲಾಗದವರು ಚಿಕಿತ್ಸೆಯ ವೈಫಲ್ಯವನ್ನು ಯಾರಿಗೆ ಹೇಳಿಕೊಂಡಾರು? ನಾಚಿಕೆ ಆವರಿಸಿದ ಕಾಯಿಲೆಯಲ್ಲಿ ದೂರುಗಳೂ ನಾಚಿಕೊಂಡು ಕೂರುತ್ತವೆ. ಅಂಥಲ್ಲಿ ಸಮಾಜವೇ ಲೆಕ್ಕ ಕೇಳಬೇಕಾಗುತ್ತದೆ.

ಆದುದರಿಂದ ಸರ್ಕಾರವೂ ವಿಮಾ ಕಂಪನಿಗಳೂ ಈ ಚಿಕಿತ್ಸೆಗೆ ಹಣ ನೀಡಲಿ, ಆದರೆ ಷರತ್ತಿನ ಮೇಲೆ ನೀಡಲಿ ಎಂಬುದು ನನ್ನ ನಿಲುವು. ಮೊದಲನೆಯದಾಗಿ, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಈ ತೊಂದರೆಯ ಬಗ್ಗೆ ತರಬೇತಿ ಪಡೆದ ಒಬ್ಬ ದಾದಿ, ಒಬ್ಬ ಫಿಸಿಯೋಥೆರಪಿಸ್ಟ್ ಇರಬೇಕು. ಅಲ್ಲಿ ಕೆಲವು ತಿಂಗಳ ಪ್ರಾಮಾಣಿಕ ಪ್ರಯತ್ನವಾದ ಬಳಿಕವೇ ಮುಂದಿನ ಹೆಜ್ಜೆ. ಎರಡನೆಯದಾಗಿ, ಪರೀಕ್ಷಾ ಹಂತದ ವೆಚ್ಚವನ್ನು ವಿಮೆ ಪೂರ್ತಿಯಾಗಿ ಭರಿಸಬೇಕು. ರೋಗಿಯ ದಿನಚರಿಯಲ್ಲಿ ಅರ್ಧದಷ್ಟಾದರೂ ಸುಧಾರಣೆ ದಾಖಲಾದರೆ ಮಾತ್ರ ಶಾಶ್ವತ ಸಾಧನ. ಪರೀಕ್ಷೆಗೆ ರೋಗಿಯೇ ದುಡ್ಡು ಕೊಡಬೇಕಾದರೆ, ಹಾಕಿದ ಹಣ ವ್ಯರ್ಥವಾದೀತೆಂಬ ಅಳುಕು ದಿನಚರಿಯ ಅಂಕಿಗಳನ್ನೂ ಬಾಗಿಸಬಹುದು.

ಮೂರನೆಯದಾಗಿ, ಬೆಲೆ ನಿಗದಿಯಾಗಬೇಕಾದದ್ದು ಶಸ್ತ್ರಚಿಕಿತ್ಸೆಯ ದಿನಕ್ಕಲ್ಲ, ಸಾಧನದ ಇಡೀ ಆಯುಷ್ಯಕ್ಕೆ. ತಂತಿ ಸರಿದರೆ, ಸೋಂಕು ತಗುಲಿದರೆ, ಬ್ಯಾಟರಿ ಮುಗಿದರೆ ಆಗುವ ಖರ್ಚು ಆ ಒಪ್ಪಂದದೊಳಗೇ ಇರಬೇಕು. ಹೃದಯದ ಸ್ಟೆಂಟ್‌ಗಳಿಗೂ ಮಂಡಿಯ ಕೃತಕ ಕೀಲುಗಳಿಗೂ 2017ರಲ್ಲಿ ಬೆಲೆ ಮಿತಿ ಹಾಕಿದ ದೇಶಕ್ಕೆ ಇದು ಅಸಾಧ್ಯವೇನಲ್ಲ. ನಾಲ್ಕನೆಯದಾಗಿ, ದೇಹದೊಳಗೆ ಕೂರಿಸಿದ ಪ್ರತಿ ಸಾಧನದ ದಾಖಲಾತಿ ಕಡ್ಡಾಯವಾಗಬೇಕು. ರೋಗಿಯ ಹೆಸರು ಗೋಪ್ಯವಾಗಿದ್ದು ಫಲಿತಾಂಶ ಬಹಿರಂಗವಾಗಬೇಕು. 2010ರಲ್ಲಿ ಜಾಗತಿಕವಾಗಿ ಹಿಂಪಡೆದ ಸೊಂಟದ ಕೃತಕ ಕೀಲನ್ನು ಹಾಕಿಸಿಕೊಂಡಿದ್ದ ಭಾರತೀಯರಲ್ಲಿ ಬಹುಮಂದಿಯ ಸುಳಿವೇ ಸಿಗದೆ ಹೋದದ್ದನ್ನು ನಾವು ಮರೆಯಬಾರದು. ವೈದ್ಯಕೀಯ ಸಾಧನಗಳ ದುಷ್ಪರಿಣಾಮಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮ 2015ರಿಂದಲೇ ಇದೆ. ಅದನ್ನು ಬಲಪಡಿಸಿದರೆ ಸಾಕು.

ಇವೆಲ್ಲಕ್ಕೂ ಮೊದಲಿನ ಕೆಲಸ ಹೆರಿಗೆ ಕೋಣೆಯಲ್ಲಿದೆ. ಸರ್ಕಾರಿ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರಲ್ಲಿ ಕೇಂದ್ರ ಸರ್ಕಾರ ‘ಲಕ್ಷ್ಯ’ ಕಾರ್ಯಕ್ರಮ ಆರಂಭಿಸಿತು. ಹೆರಿಗೆಯಾದೊಡನೆ ಸ್ನಾಯು ಹರಿದಿದೆಯೇ ಎಂದು ಬೆರಳಿನಿಂದ ಪರೀಕ್ಷಿಸಿ, ಹರಿದಿದ್ದರೆ ನುರಿತವರಿಂದ ಅಲ್ಲೇ ಹೊಲಿಸುವುದಕ್ಕೆ ಯಾವ ಆಮದು ಯಂತ್ರವೂ ಬೇಡ. ಬಾಣಂತಿ ಆರನೆಯ ವಾರ ಮಗುವಿನ ಚುಚ್ಚುಮದ್ದಿಗೆ ಬಂದಾಗ ‘ನಿಮಗೆ ಹೊರಕಡೆ ತಡೆದುಕೊಳ್ಳಲು ಕಷ್ಟವಾಗುತ್ತಿದೆಯೇ ತಾಯಿ?’ ಎಂದು ಕೇಳುವುದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಹೊಲಿಗೆ ಬೇಕಿದ್ದ ದಿನ ಹೊಲಿಗೆ ಹಾಕದೆ, ಕೇಳಬೇಕಿದ್ದ ದಿನ ಕೇಳದೆ ಬಿಟ್ಟು, ಇಪ್ಪತ್ತು ವರ್ಷಗಳ ಬಳಿಕ ಲಕ್ಷಗಟ್ಟಲೆ ರೂಪಾಯಿಯ ಯಂತ್ರದ ಬೆಲೆ ಹೆಚ್ಚಾಯಿತೆಂದು ಚರ್ಚಿಸುವುದು ತಡವಾದ ಲೆಕ್ಕ. ಆ ಲೆಕ್ಕವನ್ನು ಮೊದಲ ಪುಟದಿಂದ ಬರೆಯಲು ಆರಂಭಿಸಿದರೆ ಮಾತ್ರ ಕೊನೆಯ ಪುಟದ ಮೊತ್ತವನ್ನು ನಾಡು ಭರಿಸಬಲ್ಲದು.